ಇಬ್ಬರೇ ಸಂಸದರು, 179 ಜನರ ಸಂಸತ್ತು: ಅವರ ಮಾತು ಯಾರು ಕೇಳುತ್ತಾರೆ?

ಓದುಗರ ಪ್ರಶ್ನೆ: ಫೇರೋ ದ್ವೀಪಗಳಿಗೆ ಡೆನ್ಮಾರ್ಕ್ ಸಂಸತ್ತಿನಲ್ಲಿ ಇರುವುದು ಎರಡೇ ಸೀಟು. ಗ್ರೀನ್‌ಲ್ಯಾಂಡ್‌ಗೂ ಎರಡೇ. ಉಳಿದ 175 ಡೆನ್ಮಾರ್ಕಿನವರದ್ದು. ಇಂಥ ಸಣ್ಣ ಸ್ವಯಮಾಡಳಿತ ಪ್ರದೇಶಗಳ ಸಂಸದರು ಅಲ್ಲಿ ಕೂತು ಏನು ಸಾಧಿಸುತ್ತಾರೆ? ಇದು ಸುಮ್ನೆ ತೋರಿಕೆಯಾ? ಇನ್ನೂ ಜಾಸ್ತಿ ಸೀಟು ಕೇಳುವುದು ವಾಸಿಯೋ, ಸಂಸತ್ತಿಗೇ ಹೋಗದಿರುವುದು ವಾಸಿಯೋ?

ಉತ್ತರ:

ತೋರಿಕೆಯಂತೂ ಅಲ್ಲ. ಆದರೆ ಬರೀ ಸೀಟು ಎಣಿಸುತ್ತಾ ಕೂತರೆ ಇದು ತಲೆಗೆ ಹತ್ತುವುದಿಲ್ಲ. ನೋಡಬೇಕಾದ್ದು ಬೇರೆ. ಸರ್ಕಾರಕ್ಕೆ ಬಹುಮತಕ್ಕೆ ಎಷ್ಟು ಮತ ಕಡಿಮೆ ಬಿದ್ದಿದೆ? ಆ ಕೊರತೆ ತುಂಬಲು ಈ ಸಣ್ಣವರನ್ನು ಬಿಟ್ಟರೆ ಬೇರೆ ಯಾರಿದ್ದಾರೆ? ಇವಕ್ಕೆ ಉತ್ತರ ಸಿಕ್ಕರೆ ಇಬ್ಬರು ಸಂಸದರ ಬೆಲೆ ಎಷ್ಟು ಅಂತ ಹೇಳಬಹುದು. ಅದೂ ಇವತ್ತಿನ ಬೆಲೆ ಮಾತ್ರ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 100 ಸೀಟಿನ ಸಂಸತ್ತು. ಮೂರು ಪಕ್ಷ: 49, 48, 3. ಬಹುಮತಕ್ಕೆ 51 ಬೇಕು. ಯಾರಿಗೂ ಒಂಟಿಯಾಗಿ ಆಗುವುದಿಲ್ಲ, ಯಾವ ಇಬ್ಬರು ಸೇರಿದರೂ ಆಗುತ್ತದೆ. ಅಂದರೆ 3 ಸೀಟಿನ ಪಕ್ಷಕ್ಕೂ 49ರ ಪಕ್ಷಕ್ಕೂ ಲೆಕ್ಕದಲ್ಲಿ ತೂಕ ಒಂದೇ. ಈಗ ಎರಡು ಸೀಟು ಆಚೀಚೆ ಮಾಡಿ: 51, 46, 3. ಮೂರು ಸೀಟಿನ ಪಕ್ಷ ಅಲ್ಲೇ ಕೂತಿದೆ, ಅಷ್ಟೇ ಜನ. ಆದರೆ ಈಗ ಅದರ ತೂಕ ಸೊನ್ನೆ. ಅವರ ಕೈಯಲ್ಲಿ ಏನೂ ತಪ್ಪಾಗಿಲ್ಲ. ಬದಲಾಗಿದ್ದು ದೊಡ್ಡವರ ನಡುವಿನ ಅಂತರ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಡೆನ್ಮಾರ್ಕಿನ ಸಂಸತ್ತಾದ ಫೋಲ್ಕೆಟಿಂಗ್‌ನಲ್ಲಿ 179 ಸೀಟು, ಬಹುಮತ 90. ಫೇರೋ ಮತ್ತು ಗ್ರೀನ್‌ಲ್ಯಾಂಡ್‌ಗೆ ಎರಡೆರಡು ಅಂತ 1953ರ ಸಂವಿಧಾನದಲ್ಲೇ ಬರೆದಿದೆ. 1960ರಲ್ಲಿ ಗ್ರೀನ್‌ಲ್ಯಾಂಡ್‌ನಿಂದ ಗೆದ್ದ ಮಿಕಾಯೆಲ್ ಗಾಮ್ ಅವರನ್ನು ಸರ್ಕಾರದೊಳಗೇ ಕರೆದುಕೊಂಡು ಗ್ರೀನ್‌ಲ್ಯಾಂಡ್ ಸಚಿವರನ್ನಾಗಿ ಮಾಡಿದರು. ಪ್ರೀತಿ ಉಕ್ಕಿ ಮಾಡಿದ್ದಲ್ಲ, ಮತ ಬೇಕಿತ್ತು. 1998ರ ಚುನಾವಣೆಯಲ್ಲಿ ಪೌಲ್ ನ್ಯುರುಪ್ ರಾಸ್ಮುಸೆನ್ ಅವರ ಸರ್ಕಾರ ಉಳಿದದ್ದು 90ಕ್ಕೆ 89ರ ಲೆಕ್ಕದಲ್ಲಿ. ಕೊನೆಗೆ ತಕ್ಕಡಿ ವಾಲಿಸಿದ್ದು ಫೇರೋದ ಮತ ಎಣಿಕೆ.

2022ರದ್ದು ಇನ್ನೂ ಮಜವಾಗಿದೆ. ಚುನಾವಣೆ ನವೆಂಬರ್ 1ಕ್ಕೆ. ಫೇರೋದಲ್ಲಿ ಅದು ಸಮುದ್ರದಲ್ಲಿ ತೀರಿಕೊಂಡವರನ್ನು ನೆನೆಯುವ ದಿನ, ಹಾಗಾಗಿ ಅಲ್ಲಿಯವರು ಒಂದು ದಿನ ಮೊದಲೇ ಮತ ಹಾಕಿದರು. ಡೆನ್ಮಾರ್ಕ್ ನೆಲದಲ್ಲಿ ಎಡಬಣಕ್ಕೆ ಬಂದದ್ದು 87. ಫೇರೋದಿಂದ ಒಂದು, ಗ್ರೀನ್‌ಲ್ಯಾಂಡ್‌ನಿಂದ ಎರಡು ಸೇರಿ ಸರಿಯಾಗಿ 90. ಪ್ರಧಾನಿ ಮೆಟ್ಟೆ ಫ್ರೆಡೆರಿಕ್ಸೆನ್ ಇವರ ಬೆಂಬಲದಲ್ಲಿ ಎಡಬಣದ ಸರ್ಕಾರ ಮಾಡಬಹುದಿತ್ತು. ಮಾಡಲಿಲ್ಲ. ಬಲಬಣದ ದೊಡ್ಡ ಪಕ್ಷವನ್ನೂ ನಡುವಿನ ಹೊಸ ಪಕ್ಷವನ್ನೂ ಸೇರಿಸಿಕೊಂಡು ಮೂರು ಪಕ್ಷದ ಸರ್ಕಾರ ಕಟ್ಟಿದರು. ಅಲ್ಲಿಗೆ ದ್ವೀಪದವರ ಆಟ ಮುಗಿಯಿತು ಅಂದುಕೊಳ್ಳಬೇಡಿ. ಆ ಮೂರೂ ಪಕ್ಷ ಸೇರಿದರೆ ಎಷ್ಟು? 89! ಮತ್ತೆ ಒಂದು ಕಮ್ಮಿ.

ಡೆನ್ಮಾರ್ಕಿನಲ್ಲಿ ಇನ್ನೊಂದು ಅನುಕೂಲ ಇದೆ. ಅಲ್ಲಿ ಸರ್ಕಾರ ತನ್ನ ಪರ ಬಹುಮತ ಇದೆ ಅಂತ ತೋರಿಸಬೇಕಿಲ್ಲ. ತನ್ನ ವಿರುದ್ಧ ಬಹುಮತ ಇಲ್ಲದಿದ್ದರೆ ಸಾಕು. ಹಾಗಾಗಿ ದ್ವೀಪದ ಸಂಸದರು ಸರ್ಕಾರದ ಪರ ಕೈ ಎತ್ತಲೇಬೇಕು ಅಂತಿಲ್ಲ. ವಿರುದ್ಧ ಎತ್ತದೆ ಸುಮ್ಮನಿದ್ದರೂ ಅದು ಸಹಾಯವೇ, ಮತ್ತು ಆ ಸುಮ್ಮನಿರುವಿಕೆಗೂ ಬೆಲೆ ಕೇಳಬಹುದು.

ಸರಿ, ಗಾಳಿ ಬಂತು. ತೂರಿಕೊಳ್ಳುವುದು ಹೇಗೆ? ಇಲ್ಲೇ ಜಾಸ್ತಿ ಜನ ಎಡವುವುದು.

ಸ್ಪೇನ್‌ನ ಕೆನರಿ ದ್ವೀಪಗಳನ್ನು ನೋಡಿ. 20 ಲಕ್ಷಕ್ಕೂ ಮೇಲೆ ಜನ ಇದ್ದಾರೆ, ಸಣ್ಣದೇನಲ್ಲ. ಆದರೆ ಅಲ್ಲಿನ ನುಯೆವಾ ಕನಾರಿಯಾಸ್ ಎಂಬ ಪಕ್ಷಕ್ಕೆ ದೇಶದ ಸಂಸತ್ತಿನಲ್ಲಿ ಇದ್ದದ್ದು ಒಂದೇ ಸೀಟು, ಪೆದ್ರೊ ಕೆವೆದೊ ಅವರದ್ದು. 2017ರಲ್ಲಿ ಮರಿಯಾನೊ ರಾಹೋಯ್ ಸರ್ಕಾರಕ್ಕೆ ಬಜೆಟ್ ಪಾಸು ಮಾಡಿಸಬೇಕಿತ್ತು. 350ರ ಸಭೆಯಲ್ಲಿ 176 ಬೇಕು. ಅವರ ಪಕ್ಷ ಮತ್ತು ಜೊತೆಗಾರರು 137, ಸಿಯುದದಾನೋಸ್ ಪಕ್ಷದವರು 32, ಬಾಸ್ಕ್ ಪಕ್ಷದ 5, ಕೆನರಿಯ ಇನ್ನೊಂದು ಪಕ್ಷದ 1. ಕೂಡಿದರೆ 175. ಉಳಿದದ್ದು ಕೆವೆದೊ ಒಬ್ಬರೇ. ಅವರು ಗೆದ್ದದ್ದು ವಿರೋಧಪಕ್ಷವಾದ ಸಮಾಜವಾದಿಗಳ ಜೊತೆಯ ಜಂಟಿ ಪಟ್ಟಿಯಿಂದ. ಆದರೂ ಚೌಕಾಸಿಗೆ ಕೂತರು.

ಅವರು ಕೇಳಿದ್ದರಲ್ಲಿ ಜನ ಇವತ್ತಿಗೂ ನೆನಪಿಟ್ಟುಕೊಂಡಿರುವುದು ವಿಮಾನದ ಟಿಕೆಟ್. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಅಲ್ಲಿನ ನಿವಾಸಿಗಳಿಗೆ ಶೇಕಡ 50 ರಿಯಾಯಿತಿ ಇತ್ತು, ಅದು 75 ಆಯಿತು. ಟಿಕೆಟ್ 100 ಯೂರೋ ಅಂದುಕೊಳ್ಳಿ. ಮೊದಲು ಕೈಯಿಂದ 50 ಹೋಗುತ್ತಿತ್ತು, ಈಗ 25. ಮರುವರ್ಷ ಈ ರಿಯಾಯಿತಿ ಸ್ಪೇನ್‌ನ ಮುಖ್ಯ ಭೂಭಾಗಕ್ಕೆ ಹೋಗುವ ವಿಮಾನಗಳಿಗೂ ಬಂತು.

ಈ ಬೇಡಿಕೆ ಯಾಕೆ ಚೆನ್ನಾಗಿ ಕೆಲಸ ಮಾಡಿತು ಅನ್ನುವುದನ್ನು ಗಮನಿಸಿ. ಮ್ಯಾಡ್ರಿಡ್‌ನ ಖಜಾನೆಗೆ ಅದು ಭರಿಸಬಹುದಾದ ಖರ್ಚು. ಬೇರೆ ಪ್ರಾಂತ್ಯದವರಿಗೆ ಹೊಟ್ಟೆ ಉರಿಯುವಂಥದ್ದಲ್ಲ, ದ್ವೀಪದಲ್ಲಿ ಇರುವವರಿಗೆ ರೈಲು ಇಲ್ಲ, ರಸ್ತೆ ಇಲ್ಲ ಅಂತ ಎಲ್ಲರಿಗೂ ಗೊತ್ತು. ಊರಿನವರಿಗೆ ಮಾತ್ರ ಪ್ರತಿ ಸಲ ಟಿಕೆಟ್ ತೆಗೆಯುವಾಗಲೂ ಕಣ್ಣಿಗೆ ಕಾಣುತ್ತದೆ. ಕೊಡುವವರಿಗೆ ಹಗುರ, ತೆಗೆದುಕೊಳ್ಳುವವರಿಗೆ ಭಾರ. ನನ್ನನ್ನು ಕೇಳಿದರೆ ಒಂದೇ ಸೀಟಿನ ಪಕ್ಷ ಇಂಥದ್ದನ್ನೇ ಕೇಳಬೇಕು.

ಇದರ ಪಕ್ಕದಲ್ಲಿ ಉತ್ತರ ಐರ್ಲೆಂಡ್‌ನ ಡಿಯುಪಿ ಪಕ್ಷವನ್ನು ಇಟ್ಟು ನೋಡಿ. 2017ರ ಜೂನ್‌ನಲ್ಲಿ ಬ್ರಿಟನ್ ಪ್ರಧಾನಿ ತೆರೇಸಾ ಮೇ ಬಹುಮತ ಕಳೆದುಕೊಂಡರು. 650ರಲ್ಲಿ ಅವರ ಕೈಯಲ್ಲಿ 317. ಡಿಯುಪಿಗೆ 10 ಸೀಟು. ಒಪ್ಪಂದವಾಯಿತು, ಉತ್ತರ ಐರ್ಲೆಂಡ್‌ಗೆ ಎರಡು ವರ್ಷದಲ್ಲಿ 100 ಕೋಟಿ ಪೌಂಡ್ ಹೆಚ್ಚುವರಿ ಹಣ ಅಂತ ಮಾತಾಯಿತು. ಇಲ್ಲಿಯವರೆಗೆ ಜಾಣತನವೇ. ಆಮೇಲೆ ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವ ವಿಷಯ ಬಂತು. ಅದು ಇಡೀ ದೇಶದ ಭವಿಷ್ಯದ ಪ್ರಶ್ನೆ. ಅದರಲ್ಲಿ ಡಿಯುಪಿ ಪಟ್ಟು ಹಿಡಿದು ಕೂತಿತು. ಮೇ ಅವರು ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದ 2019ರ ಜನವರಿಯಲ್ಲಿ 432ಕ್ಕೆ 202ರಂತೆ ಬಿದ್ದುಹೋಯಿತು, ಆಮೇಲೆ ಇನ್ನೆರಡು ಸಲ ಬಿತ್ತು. ಅದನ್ನು ಬೀಳಿಸಿದ್ದು ಡಿಯುಪಿ ಒಂದೇ ಅಲ್ಲ, ಆದರೆ ಪ್ರತಿ ಸಲವೂ ಅವರು ವಿರುದ್ಧವೇ ಇದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ, ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ 365 ಸೀಟು ಗೆದ್ದರು. ಡಿಯುಪಿಯ ಮತ ಯಾರಿಗೂ ಬೇಡವಾಯಿತು. ಕೊನೆಗೆ ಜಾರಿಗೆ ಬಂದದ್ದು ಗ್ರೇಟ್ ಬ್ರಿಟನ್‌ನಿಂದ ಉತ್ತರ ಐರ್ಲೆಂಡ್‌ಗೆ ಹೋಗುವ ಸರಕಿನ ತಪಾಸಣೆ, ಅಂದರೆ ಸಮುದ್ರದ ನಡುವೆ ಗಡಿ ಎಳೆದ ಹಾಗೆ. ಅವರು ಯಾವುದನ್ನು ಎಂದೂ ಆಗಗೊಡುವುದಿಲ್ಲ ಅಂದಿದ್ದರೋ ಅದೇ.

ಡಿಯುಪಿಗೆ ಇನ್ನೊಂದು ತೊಡಕೂ ಇತ್ತು. ಜೆರೆಮಿ ಕಾರ್ಬಿನ್ ಅವರ ಲೇಬರ್ ಪಕ್ಷದ ಜೊತೆ ಅವರು ಹೋಗುವ ಮಾತೇ ಇರಲಿಲ್ಲ. ಇದು ಮೇ ಅವರಿಗೂ ಗೊತ್ತಿತ್ತು. ಬೇರೆ ಎಲ್ಲಿಗೂ ಹೋಗಲಾರದವನನ್ನು ಯಾರೂ ಓಲೈಸುವುದಿಲ್ಲ. ಎರಡೂ ಕಡೆ ಬಾಗಿಲು ತೆರೆದಿಟ್ಟವರ ಆಟ ನೋಡಬೇಕೆಂದರೆ ಮತ್ತೆ ಸ್ಪೇನ್‌ಗೆ ಬನ್ನಿ. 2018ರ ಮೇ 23ಕ್ಕೆ ಬಾಸ್ಕ್ ರಾಷ್ಟ್ರೀಯವಾದಿ ಪಕ್ಷದ ಐವರು ರಾಹೋಯ್ ಬಜೆಟ್‌ಗೆ ಕೈ ಎತ್ತಿದರು, ತಮ್ಮ ಪ್ರಾಂತ್ಯಕ್ಕೆ ಬೇಕಾದ್ದನ್ನು ಅದರಲ್ಲಿ ಬರೆಸಿಕೊಂಡು. ಜೂನ್ 1ಕ್ಕೆ ಅದೇ ಐವರು ಅದೇ ರಾಹೋಯ್ ವಿರುದ್ಧ ಅವಿಶ್ವಾಸಕ್ಕೆ ಮತ ಹಾಕಿದರು. 180ಕ್ಕೆ 169, ಸರ್ಕಾರ ಬಿತ್ತು. ಹೊಸ ಪ್ರಧಾನಿ ಪೆದ್ರೊ ಸಾಂಚೆಸ್ ಆ ಬಜೆಟ್ಟನ್ನು ಹಾಗೇ ಉಳಿಸಿಕೊಳ್ಳುವ ಮಾತು ಕೊಟ್ಟಿದ್ದರು. ಇದನ್ನು ಬೆನ್ನಿಗೆ ಚೂರಿ ಅಂತ ಬೈದವರೂ ಇದ್ದಾರೆ. ಇರಲಿ, ಬಾಸ್ಕ್ ಮತದಾರರಿಗೆ ನಷ್ಟವಂತೂ ಆಗಲಿಲ್ಲ.

ಇದೆಲ್ಲ ಸರ್ಕಾರ ಅಲ್ಲಾಡುವ ಹೊತ್ತಿನ ಮಾತು. ಅಂಥ ಹೊತ್ತು ಅಪರೂಪ. ಉಳಿದ ದಿನಗಳಲ್ಲಿ ಕೆಲಸ ನಡೆಯುವುದು ಸಮಿತಿಗಳಲ್ಲಿ. ಅಲ್ಲಿಗೆ ಹೋಗಲು ಒಂಟಿ ಸಂಸದನಿಗೆ ಗುಂಪು ಬೇಕು.

ಫ್ರಾನ್ಸ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. 577 ಜನರ ಕೆಳಮನೆ. 15 ಜನ ಸೇರಿದರೆ ಮಾತ್ರ ಅಧಿಕೃತ ಗುಂಪು. ಗುಂಪಿದ್ದರೆ ಭಾಷಣಕ್ಕೆ ಸಮಯ, ಸಮಿತಿಯಲ್ಲಿ ಜಾಗ, ವರ್ಷಕ್ಕೊಂದು ದಿನ ಸದನದಲ್ಲಿ ತಮ್ಮದೇ ಮಸೂದೆಗಳ ಚರ್ಚೆ. 2022ರಲ್ಲಿ ಕಮ್ಯುನಿಸ್ಟರಿಗೆ ಸಿಕ್ಕದ್ದು 12 ಸೀಟು. ಮೂರು ಕಮ್ಮಿ! ಸಮುದ್ರದಾಚೆಯ ಪ್ರದೇಶಗಳ 10 ಸಂಸದರು ಅವರ ಜೊತೆ ಕೂತರು, 22 ಆಯಿತು. ಸಿದ್ಧಾಂತ ಒಂದೇ ಅಂತ ಕೂತವರೂ ಇರಬಹುದು, ಆದರೆ ಎರಡೂ ಕಡೆಯವರಿಗೆ ಗುಂಪಿನ ಅಗತ್ಯವಿತ್ತು ಅನ್ನುವುದು ಮುಖ್ಯ. ಅದೇ ಸದನದಲ್ಲಿ ಲಿಯೋ ಎಂಬ ಇನ್ನೊಂದು ಸಣ್ಣ ಗುಂಪು ಇತ್ತು. ಕಾರ್ಸಿಕಾ ದ್ವೀಪದವರು, ಸಮುದ್ರದಾಚೆಯವರು, ಯಾವ ದೊಡ್ಡ ಪಕ್ಷಕ್ಕೂ ಸೇರದವರು ಎಲ್ಲ ಇದ್ದ ಗುಂಪು. 2023ರ ಮಾರ್ಚ್‌ನಲ್ಲಿ ಪಿಂಚಣಿ ಸುಧಾರಣೆಯ ಗಲಾಟೆಯಲ್ಲಿ ಇವರು ತಂದ ಅವಿಶ್ವಾಸ ನಿರ್ಣಯಕ್ಕೆ 278 ಮತ ಬಿತ್ತು. ಬೇಕಿದ್ದದ್ದು 287. ಒಂಬತ್ತೇ ಮತದಲ್ಲಿ ಫ್ರಾನ್ಸ್ ಸರ್ಕಾರ ಬಚಾವಾಯಿತು. ಎಡದವರು ತಂದಿದ್ದರೆ ಬಲದವರಲ್ಲಿ ಕೆಲವರು ಮತ ಹಾಕುತ್ತಿರಲಿಲ್ಲ, ಬಲದವರು ತಂದಿದ್ದರೆ ಎಡದವರು ಹಾಕುತ್ತಿರಲಿಲ್ಲ. ಯಾರಿಗೂ ಶತ್ರುವಲ್ಲದ ಸಣ್ಣ ಗುಂಪಿನ ಹೆಸರು ಮೇಲಿದ್ದದ್ದರಿಂದಲೇ ಅಷ್ಟು ಮತ ಒಟ್ಟಾಯಿತು.

ಅಮೆರಿಕದಲ್ಲಿ ಪರಿಸ್ಥಿತಿ ಪೂರ್ತಿ ಉಲ್ಟಾ. ಪೋರ್ಟೊ ರಿಕೊ, ಗುವಾಮ್ ಮುಂತಾದ ಪ್ರದೇಶಗಳ ಪ್ರತಿನಿಧಿಗಳು ಕೆಳಮನೆಯಲ್ಲಿ ಮಾತಾಡಬಹುದು, ಮಸೂದೆ ತರಬಹುದು, ಸಮಿತಿಯಲ್ಲಿ ಮತವನ್ನೂ ಹಾಕಬಹುದು. ಮಸೂದೆ ಪಾಸಾಗುವ ಕೊನೆಯ ಮತದಾನದಲ್ಲಿ ಮಾತ್ರ ಅವರಿಗೆ ಮತ ಇಲ್ಲ. 1993ರಲ್ಲಿ ಇಡೀ ಸದನ ಸಮಿತಿಯಾಗಿ ಕೂರುವಾಗ ಅವರಿಗೂ ಮತ ಕೊಟ್ಟರು, ಒಂದು ಷರತ್ತಿನ ಮೇಲೆ. ಅವರ ಮತದಿಂದಲೇ ಫಲಿತಾಂಶ ನಿರ್ಧಾರವಾದರೆ ಅವರನ್ನು ಬಿಟ್ಟು ಮತ್ತೊಮ್ಮೆ ಮತ ಎಣಿಸಬೇಕು! ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಷ್ಟು ಸಣ್ಣ ಹಕ್ಕನ್ನೂ 1995ರಲ್ಲಿ ಕಿತ್ತುಕೊಂಡರು. ಆಮೇಲೆ 2007ರಲ್ಲಿ ಡೆಮಾಕ್ರಟಿಕ್ ಪಕ್ಷ ಬಂದಾಗ ಕೊಟ್ಟರು, 2011ರಲ್ಲಿ ರಿಪಬ್ಲಿಕನ್ ಪಕ್ಷ ಬಂದಾಗ ತೆಗೆದರು, 2019ರಲ್ಲಿ ಡೆಮಾಕ್ರಟಿಕ್ ಪಕ್ಷ ಬಂದಾಗ ಮತ್ತೆ ಕೊಟ್ಟರು. ಆದರೂ ಸಮಿತಿಯ ಮತ ಕೈಯಲ್ಲಿ ಇರುವುದರಿಂದ ಅಲ್ಲಿನ ಚುರುಕಾದ ಪ್ರತಿನಿಧಿಗಳು ತಮ್ಮ ಕೆಲಸ ಮಾಡಿಸಿಕೊಳ್ಳುವುದು ಸಮಿತಿಯಲ್ಲೇ.

ಇನ್ನೊಂದು ಸೂಕ್ಷ್ಮ ವಿಷಯ. ಶಾಲೆ, ಆಸ್ಪತ್ರೆ, ಮೀನುಗಾರಿಕೆ ಎಲ್ಲ ನಿಮ್ಮ ನಿಮ್ಮಲ್ಲೇ ನಡೆಸಿಕೊಳ್ಳುತ್ತೀರಿ. ಹಾಗಿರುವಾಗ ನಮ್ಮ ಶಾಲೆ, ನಮ್ಮ ಆಸ್ಪತ್ರೆ ವಿಷಯದಲ್ಲಿ ನೀವ್ಯಾಕೆ ಮತ ಹಾಕುತ್ತೀರಿ ಅಂತ ದೊಡ್ಡವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ ಅಲ್ವಾ? ಬ್ರಿಟನ್‌ನಲ್ಲಿ ಸ್ಕಾಟ್‌ಲೆಂಡ್‌ನ ವೆಸ್ಟ್ ಲೋಥಿಯನ್ ಸಂಸದ ಟಾಮ್ ಡಾಲ್ಯೆಲ್ 1977ರಲ್ಲೇ ಇದನ್ನು ಎತ್ತಿದ್ದರು. 2004ರಲ್ಲಿ ಇಂಗ್ಲೆಂಡ್‌ನ ವಿದ್ಯಾರ್ಥಿಗಳ ಶುಲ್ಕ ಏರಿಸುವ ಮಸೂದೆ 5 ಮತಗಳ ಅಂತರದಲ್ಲಿ ದಾಟಿತು, ಸ್ಕಾಟ್‌ಲೆಂಡ್ ಸಂಸದರ ಮತದಿಂದ. ಆ ಶುಲ್ಕ ಸ್ಕಾಟ್‌ಲೆಂಡ್‌ಗೆ ಅನ್ವಯಿಸುತ್ತಲೇ ಇರಲಿಲ್ಲ. ಆ ಸಿಟ್ಟು ಉಳಿಯಿತು. 2015ರಲ್ಲಿ ಇಂಗ್ಲೆಂಡ್‌ನ ವಿಷಯಕ್ಕೆ ಇಂಗ್ಲೆಂಡ್ ಸಂಸದರ ಒಪ್ಪಿಗೆ ಬೇಕು ಅಂತ ನಿಯಮ ತಂದರು, 2021ರಲ್ಲಿ ಅದನ್ನು ತೆಗೆದೂ ಹಾಕಿದರು. ಸ್ವಯಮಾಡಳಿತ ಪ್ರದೇಶದ ಸಂಸದರು ಬೇರೆಯವರ ಮನೆ ವಿಷಯದಲ್ಲಿ ಕೈ ಹಾಕದಿದ್ದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಇದರಲ್ಲಿ ಸೌಜನ್ಯಕ್ಕಿಂತ ಲಾಭವೇ ಜಾಸ್ತಿ. ಎಲ್ಲದಕ್ಕೂ ಮತ ಹಾಕುವವರ ಸೀಟನ್ನೇ ಕಿತ್ತುಹಾಕಿ ಅನ್ನುವ ಕೂಗು ಬೇಗ ಏಳುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದಕ್ಕೆ ಬರುತ್ತೇನೆ. ಸೀಟಿನ ಬಲ ಚುನಾವಣೆಗೊಮ್ಮೆ ಬದಲಾಗುತ್ತದೆ. ಬುದ್ಧಿವಂತರು ಅದು ಇರುವಾಗಲೇ ಬದಲಾಗದ ಏನನ್ನಾದರೂ ಬರೆಸಿಕೊಳ್ಳುತ್ತಾರೆ. ಇದರಲ್ಲಿ ಫಿನ್ಲೆಂಡ್‌ನ ಓಲಂಡ್ ದ್ವೀಪಗಳನ್ನು ಮೀರಿಸಿದವರು ಕಡಿಮೆ.

ಓಲಂಡ್‌ನಲ್ಲಿ ಸುಮಾರು 30,000 ಜನ, ಸ್ವೀಡಿಷ್ ಮಾತಾಡುವವರು. 200 ಜನರ ಫಿನ್ಲೆಂಡ್ ಸಂಸತ್ತಿನಲ್ಲಿ ಒಬ್ಬರೇ ಒಬ್ಬರು ಸಂಸದರು. ಅವರು ವಾಡಿಕೆಯಂತೆ ಸ್ವೀಡಿಷ್ ಭಾಷಿಕರ ಪಕ್ಷದ ಗುಂಪಿನಲ್ಲಿ ಕೂರುತ್ತಾರೆ. ಐರೋಪ್ಯ ಒಕ್ಕೂಟದ ವಿಷಯ ನೋಡುವ ದೊಡ್ಡ ಸಮಿತಿಯ ಸಭೆಗೆ ಸದಸ್ಯರಲ್ಲದಿದ್ದರೂ ಹೋಗಿ ಕೂರುವ ಹಕ್ಕು ಅವರಿಗಿದೆ. ಇದು ಒಳ್ಳೆಯದೇ, ಆದರೆ ನಿಜವಾದ ಬಲ ಇದಲ್ಲ. ಓಲಂಡ್‌ನ ಸ್ವಯಮಾಡಳಿತ ಕಾಯ್ದೆಯನ್ನು ಬದಲಿಸಬೇಕಾದರೆ ಹೆಲ್ಸಿಂಕಿಯ ಸಂಸತ್ತಿನ ಒಪ್ಪಿಗೆಯ ಜೊತೆಗೆ 30 ಜನರ ಓಲಂಡ್ ಶಾಸನಸಭೆಯಲ್ಲೂ ಮೂರನೇ ಎರಡು ಬಹುಮತ ಬೇಕು. ಹೆಲ್ಸಿಂಕಿಯಲ್ಲಿ ಯಾವ ಸರ್ಕಾರ ಬರಲಿ, ಎಷ್ಟೇ ಬಹುಮತ ಇರಲಿ, ಓಲಂಡ್ ಬೇಡ ಅಂದರೆ ಬೇಡ.

ಇದು ಕೈಗೆ ಸಿಗುವ ಲಾಭವಾಗಿ ಹೇಗೆ ಬದಲಾಗುತ್ತದೆ ನೋಡಿ. ಫಿನ್ಲೆಂಡ್ 1995ರಲ್ಲಿ ಐರೋಪ್ಯ ಒಕ್ಕೂಟ ಸೇರುವಾಗ ಓಲಂಡ್‌ನ ಒಪ್ಪಿಗೆ ಪ್ರತ್ಯೇಕವಾಗಿ ಕೇಳಬೇಕಾಯಿತು. ಅಲ್ಲಿ ಬೇರೆಯೇ ಜನಮತಗಣನೆ ನಡೆಯಿತು. ಓಲಂಡ್ ಒಪ್ಪಿತು, ಆದರೆ ಒಕ್ಕೂಟದ ಮೌಲ್ಯವರ್ಧಿತ ತೆರಿಗೆಯ ವ್ಯಾಪ್ತಿಯಿಂದ ತನ್ನನ್ನು ಹೊರಗಿಡಿಸಿಕೊಂಡಿತು. 1999ರಲ್ಲಿ ಒಕ್ಕೂಟದ ದೇಶಗಳ ನಡುವೆ ತೆರಿಗೆಯಿಲ್ಲದ ಮಾರಾಟ ನಿಂತಿತು. ಓಲಂಡ್‌ನಲ್ಲಿ ನಿಂತು ಹೋಗುವ ಹಡಗಿಗೆ ಮಾತ್ರ ಆ ಅವಕಾಶ ಉಳಿಯಿತು. ಹಾಗಾಗಿ ಸ್ಟಾಕ್‌ಹೋಮ್‌ನಿಂದ ಫಿನ್ಲೆಂಡ್‌ಗೆ ಹೋಗುವ ದೊಡ್ಡ ಹಡಗುಗಳು ನಡುರಾತ್ರಿ ಮಾರಿಯೆಹಾಮ್ನ್ ಅಥವಾ ಲಾಂಗ್‌ನೆಸ್ ಬಂದರಿಗೆ ಬಂದು ಸ್ವಲ್ಪ ಹೊತ್ತು ನಿಂತು ಹೊರಡುತ್ತವೆ. ಪ್ರಯಾಣಿಕರು ಮಲಗಿರುತ್ತಾರೆ. ಇಳಿಯುವವರು ಕೆಲವೇ ಜನ. ಆದರೂ ನಿಲ್ಲಲೇಬೇಕು, ಇಲ್ಲದಿದ್ದರೆ ಹಡಗಿನ ಅಂಗಡಿಯ ವ್ಯಾಪಾರಕ್ಕೆ ಕತ್ತರಿ. ಒಂದು ಸೀಟಿನ ಮತದಿಂದ ಇಂಥದ್ದು ಸಿಗುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ಇಟಲಿಯ ದಕ್ಷಿಣ ಟಿರೋಲ್ ಬೇರೆ ದಾರಿ ಹಿಡಿಯಿತು. ಸುಮಾರು ಐದು ಲಕ್ಷ ಚಿಲ್ಲರೆ ಜನ, ಹೆಚ್ಚಿನವರು ಜರ್ಮನ್ ಮಾತಾಡುವವರು. 1972ರ ಎರಡನೇ ಸ್ವಾಯತ್ತ ಶಾಸನವನ್ನು ಜಾರಿ ಮಾಡುವ ನಿಯಮಗಳನ್ನು ಬರೆಯಲು ಆರು ಜನರ ಜಂಟಿ ಸಮಿತಿ ಇದೆ, ಅರ್ಧ ರೋಮ್‌ನವರು, ಅರ್ಧ ಪ್ರಾಂತ್ಯದವರು. ಅದು ಬರೆದ ನಿಯಮಕ್ಕೆ ಸಾಮಾನ್ಯ ಕಾನೂನಿಗಿಂತ ಹೆಚ್ಚಿನ ಬಲ. ಸಂಸತ್ತಿನ ಗದ್ದಲವಿಲ್ಲದೆ ಕೆಲಸ ಆಗುತ್ತದೆ. ಅಲ್ಲಿ ಕಟ್ಟುವ ತೆರಿಗೆಯ ಸುಮಾರು ಶೇಕಡ 90 ಅಲ್ಲೇ ಉಳಿಯುತ್ತದೆ. ಅಲ್ಲಿನ ಎಸ್‌ವಿಪಿ ಪಕ್ಷದ ಬೆರಳೆಣಿಕೆಯ ಸಂಸದರು ರೋಮ್‌ನಲ್ಲಿ ಎಷ್ಟೋ ಸರ್ಕಾರಗಳಿಗೆ ನೆರವಾಗಿದ್ದಾರೆ. ಆದರೆ ಅವರ ಕಣ್ಣು ಯಾವಾಗಲೂ ಮಂತ್ರಿಗಿರಿಗಿಂತ ಜಾಸ್ತಿ ಈ ಸಮಿತಿಯ ಮೇಲೆ, ತೆರಿಗೆ ಪಾಲಿನ ಮೇಲೆ.

ಹಾಗಾದರೆ ಸೀಟು ಜಾಸ್ತಿ ಕೇಳಬೇಕಾ? ನನಗೆ ಅದರಲ್ಲಿ ಅರ್ಥ ಕಾಣುವುದಿಲ್ಲ. ಫೇರೋದಲ್ಲಿ ಸುಮಾರು 54,000 ಜನ, ಸೀಟಿಗೆ 27,000. ಡೆನ್ಮಾರ್ಕಿನಲ್ಲಿ ಒಂದು ಸೀಟಿಗೆ 33,000ಕ್ಕೂ ಮೇಲೆ. ಲೆಕ್ಕದಲ್ಲಿ ಈಗಾಗಲೇ ಲಾಭದಲ್ಲಿದ್ದಾರೆ. ಎರಡನ್ನು ನಾಲ್ಕು ಮಾಡಿದರೂ ಬಹುಮತ ಬಿಗಿಯಾಗಿಲ್ಲದ ದಿನ ನಾಲ್ಕೂ ವ್ಯರ್ಥ. ಅದರ ಬದಲು 2005ರಲ್ಲಿ ಬಂದ ಕಾನೂನು ನೋಡಿ: ತಮ್ಮ ಕೈಯಲ್ಲಿರುವ ವಿಷಯಗಳಲ್ಲಿ ಫೇರೋದವರು ಬೇರೆ ದೇಶಗಳ ಜೊತೆ ತಾವೇ ಒಪ್ಪಂದ ಮಾಡಿಕೊಳ್ಳಬಹುದು. ನಾಲ್ಕು ಸೀಟಿಗಿಂತ ಅದು ಮೇಲು. ಕೊರತೆ ಒಂದೇ, ಅದು ಡೆನ್ಮಾರ್ಕಿನ ಸಾಮಾನ್ಯ ಕಾನೂನು. ಓಲಂಡ್‌ಗೆ ಇರುವಂಥ ಬೀಗ ಅದಕ್ಕಿಲ್ಲ. ಕೇಳುವುದಾದರೆ ಆ ಬೀಗ ಕೇಳಬೇಕು.

ಇನ್ನು ಸಂಸತ್ತಿಗೆ ಹೋಗದಿರುವುದು. ಉತ್ತರ ಐರ್ಲೆಂಡ್‌ನ ಶಿನ್ ಫೇನ್ ಪಕ್ಷ ಗೆದ್ದರೂ ಲಂಡನ್ ಸಂಸತ್ತಿನಲ್ಲಿ ಕೂರುವುದಿಲ್ಲ. ಅದು ಅವರ ಹಳೆಯ ನಿಲುವು, ಅವರ ಮತದಾರರಿಗೆ ಒಪ್ಪಿಗೆ ಇದೆ. ಆದರೆ ಲೆಕ್ಕ ಅಂತೂ ನಡೆಯುತ್ತದೆ. 2017ರಲ್ಲಿ ಅವರ 7 ಸೀಟು ಖಾಲಿ ಉಳಿದದ್ದರಿಂದ ಸದನದಲ್ಲಿ ಗೆಲ್ಲಲು ಬೇಕಾದ ಸಂಖ್ಯೆ ಇಳಿಯಿತು, ಮೇ ಮತ್ತು ಡಿಯುಪಿಯ 327 ಇನ್ನಷ್ಟು ಸುಭದ್ರವಾಯಿತು. ಅಂದರೆ ತಮ್ಮ ಬದ್ಧ ಎದುರಾಳಿಗೇ ನೆರವು. ಒಳಗೆ ಕೂತೇ ಪ್ರತಿಭಟಿಸುವ ದಾರಿಯೂ ಇದೆ. 2023ರ ಮೇನಲ್ಲಿ ಗ್ರೀನ್‌ಲ್ಯಾಂಡ್ ಸಂಸದೆ ಅಕಿ-ಮಟಿಲ್ಡಾ ಹೋಗ್-ಡಾಮ್ ಫೋಲ್ಕೆಟಿಂಗ್‌ನಲ್ಲಿ ಗ್ರೀನ್‌ಲ್ಯಾಂಡ್ ಭಾಷೆಯಲ್ಲೇ ಭಾಷಣ ಮಾಡಿದರು, ಡ್ಯಾನಿಶ್‌ಗೆ ಅನುವಾದಿಸಲು ಒಪ್ಪಲಿಲ್ಲ. ಸದನದಲ್ಲಿ ಹೆಚ್ಚಿನವರಿಗೆ ಒಂದು ಮಾತೂ ತಿಳಿಯಲಿಲ್ಲ, ಸುದ್ದಿ ಮಾತ್ರ ಎಲ್ಲ ಕಡೆ ಹಬ್ಬಿತು. ಖಾಲಿ ಕುರ್ಚಿಯಿಂದ ಇದು ಆಗುತ್ತಿರಲಿಲ್ಲ.

ಗ್ರೀನ್‌ಲ್ಯಾಂಡ್‌ನವರು ಹೊರಗುಳಿಯದಿರಲು ಇನ್ನೊಂದು ಗಟ್ಟಿ ಕಾರಣ ಇದೆ. 2009ರ ಸ್ವಯಮಾಡಳಿತ ಕಾಯ್ದೆ ಅವರಿಗೆ ಸ್ವತಂತ್ರ ದೇಶವಾಗುವ ದಾರಿಯನ್ನೂ ತೆರೆದಿಟ್ಟಿದೆ. ನಿರ್ಧಾರ ಗ್ರೀನ್‌ಲ್ಯಾಂಡ್ ಜನರದ್ದು. ಡೆನ್ಮಾರ್ಕ್ ಸರ್ಕಾರದ ಜೊತೆ ಮಾತುಕತೆ ಆಗಿ ಒಪ್ಪಂದ ತಯಾರಾದ ಮೇಲೆ ಗ್ರೀನ್‌ಲ್ಯಾಂಡ್ ಶಾಸನಸಭೆ ಒಪ್ಪಬೇಕು, ಜನಮತಗಣನೆಯಲ್ಲಿ ಜನ ಒಪ್ಪಬೇಕು, ಜೊತೆಗೆ ಫೋಲ್ಕೆಟಿಂಗ್ ಕೂಡ ಒಪ್ಪಬೇಕು.